ಅಂಚನ್ನು ಗುರುತಿಸುವ ಕಷ್ಟ: ಗಡ್ಡೆಗಳನ್ನು ಅಳೆಯುವ ತಂತ್ರಾಂಶ

ಗ್ರಾಫ್ ಹಾಳೆಯ ಮೇಲೆ ಎಲೆಯನ್ನಿರಿಸಿ, ಅಂಚಿನ ಗುಂಟ ಗೆರೆಯೆಳೆದು, ಒಳಗಿನ ಚೌಕಗಳನ್ನೆಣಿಸಿ ವಿಸ್ತೀರ್ಣ ಕಂಡುಹಿಡಿಯುವ ಚಟುವಟಿಕೆ ಗಣಿತ ಶಿಕ್ಷಕರಿಗೆ ಚಿರಪರಿಚಿತ. ಅರ್ಧಕ್ಕಿಂತ ಹೆಚ್ಚು ಒಳಗಿರುವ ಚೌಕವನ್ನು ಒಂದೆಂದೆಣಿಸುವುದು, ಕಡಿಮೆಯಿದ್ದರೆ ಬಿಡುವುದು ಅಲ್ಲಿನ ನಿಯಮ. ಸಿ.ಟಿ. ಸ್ಕ್ಯಾನ್ ಚಿತ್ರಗಳಿಂದ ಗಡ್ಡೆಯ ಗಾತ್ರವನ್ನು ಅಳೆಯುವ ತಂತ್ರಾಂಶವೂ ಮೂಲತಃ ಮಾಡುವುದು ಇದನ್ನೇ.

ಸ್ಕ್ಯಾನ್ ಯಂತ್ರವು ದೇಹವನ್ನು ತೆಳುವಾದ ಹೋಳುಗಳ ಚಿತ್ರಗಳಾಗಿ ತೋರಿಸುತ್ತದೆ. ಪ್ರತಿ ಚಿತ್ರದಲ್ಲಿ ಸಾಮಾನ್ಯವಾಗಿ ಉದ್ದಕ್ಕೆ 512, ಅಗಲಕ್ಕೆ 512 ಪುಟ್ಟ ಚೌಕಗಳು, ಅಂದರೆ ಪಿಕ್ಸೆಲ್‌ಗಳು, ಇರುತ್ತವೆ. ಹೋಳಿನ ದಪ್ಪವೂ ಸೇರಿದಾಗ ಚೌಕವು ಇಟ್ಟಿಗೆಯಾಗುತ್ತದೆ. ಅದರ ಹೆಸರು ವಾಕ್ಸೆಲ್. ಚೌಕದ ಬದಿ 0.7 ಮಿ.ಮೀ., ದಪ್ಪ 1 ಮಿ.ಮೀ. ಇದ್ದರೆ ಇಟ್ಟಿಗೆಯ ಘನಫಲ 0.49 ಘನ ಮಿ.ಮೀ. ಗಡ್ಡೆಯೊಳಗಿನ ಇಟ್ಟಿಗೆಗಳನ್ನೆಣಿಸಿ ಇದರಿಂದ ಗುಣಿಸಿದರಾಯಿತು.

ಲೆಕ್ಕ ಸುಲಭ, ತೊಡಕಿರುವುದು ಅಂಚಿನಲ್ಲಿ. ಎಲೆಯ ಅಂಚು ಸ್ಪಷ್ಟವಾಗಿರುತ್ತದೆ. ಗಡ್ಡೆಯ ಅಂಚು ಅನೇಕ ವೇಳೆ ಸುತ್ತಲಿನ ಅಂಗಾಂಶದ ಬೂದುಬಣ್ಣದಲ್ಲಿ ಕರಗಿಹೋಗಿರುತ್ತದೆ. 10 ಮಿ.ಮೀ. ವ್ಯಾಸದ ಗುಂಡನೆಯ ಗಡ್ಡೆಯ ಗೆರೆಯು ಸುತ್ತಲೂ ಒಂದೇ ಪಿಕ್ಸೆಲ್‌ನಷ್ಟು ಹೊರಗೆ ಬಿದ್ದರೆ ವ್ಯಾಸ 11.4 ಮಿ.ಮೀ. ಆಗುತ್ತದೆ, ಘನಫಲವೋ ಸುಮಾರು ಶೇ. 48ರಷ್ಟು ಹಿಗ್ಗುತ್ತದೆ. ಬೆಳೆದದ್ದು ಗೆರೆ ಮಾತ್ರ.

ಇದು ಕೇವಲ ಗಣಿತದ ಕುತೂಹಲವಲ್ಲ. ಔಷಧ ಪರೀಕ್ಷೆಗಳಲ್ಲಿ ಬಳಕೆಯಲ್ಲಿರುವ, 2009ರಲ್ಲಿ ಪರಿಷ್ಕೃತವಾದ ‘ರೆಸಿಸ್ಟ್’ ಮಾನದಂಡದಂತೆ, ಆಯ್ದ ಗಡ್ಡೆಗಳ ವ್ಯಾಸಗಳ ಮೊತ್ತ ಶೇ. 30ರಷ್ಟಾದರೂ ಇಳಿದರೆ ರೋಗ ಭಾಗಶಃ ಮಣಿದಿದೆಯೆಂದು ಅರ್ಥ. ಅದುವರೆಗಿನ ಕನಿಷ್ಠ ಮೊತ್ತಕ್ಕಿಂತ ಶೇ. 20ರಷ್ಟು, ಜೊತೆಗೆ ಕನಿಷ್ಠ 5 ಮಿ.ಮೀ. ಏರಿದರೆ ರೋಗ ಉಲ್ಬಣಿಸಿದೆಯೆಂದು ಅರ್ಥ. ರೋಗಿಗೆ ಅದೇ ಔಷಧವನ್ನು ಮುಂದುವರಿಸಬೇಕೇ ಎಂಬ ನಿರ್ಧಾರ ಇಂತಹ ಅಂಕಿಗಳನ್ನೂ ಅವಲಂಬಿಸಿದೆ. (ವ್ಯಾಸ ಶೇ. 30 ಇಳಿದರೆ ಗೋಳದ ಘನಫಲವೆಷ್ಟು ಇಳಿಯುತ್ತದೆ? ಶೇ. 30 ಎಂದೇ ಹೆಚ್ಚಿನ ಮಕ್ಕಳು ಹೇಳಿಯಾರು. ಉತ್ತರ ಸುಮಾರು ಶೇ. 66.)

ಸರಿಯಾದ ಅಂಚನ್ನು ಗಣಕಯಂತ್ರಕ್ಕೆ ಕಲಿಸುವವರಾರು? ತಜ್ಞರು ಗೆರೆಯೆಳೆದ ಚಿತ್ರಗಳನ್ನು ನೋಡಿಯೇ ಅದು ಕಲಿಯಬೇಕು. ಅಮೆರಿಕದಲ್ಲಿ ಸಿದ್ಧಪಡಿಸಿ 2011ರಲ್ಲಿ ವಿವರ ಪ್ರಕಟಿಸಿದ ಒಂದು ಸಂಗ್ರಹದಲ್ಲಿ ಶ್ವಾಸಕೋಶದ 1,018 ಸ್ಕ್ಯಾನ್‌ಗಳಿವೆ. ಪ್ರತಿಯೊಂದನ್ನೂ ನಾಲ್ವರು ತಜ್ಞರು ಪರಿಶೀಲಿಸಿದ್ದಾರೆ. 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗಂಟುಗಳೆಂದು ಒಬ್ಬರಾದರೂ ಗುರುತಿಸಿದವು 2,669. ನಾಲ್ವರೂ ಒಪ್ಪಿದವು 928 ಮಾತ್ರ. ಅದೂ ಪರಸ್ಪರರ ಗುರುತುಗಳನ್ನು ನೋಡಿ ಮರುಪರಿಶೀಲಿಸಿದ ಮೇಲೆ! ಗುರುವಿನ ಉತ್ತರಪತ್ರಿಕೆಯೇ ನಾಲ್ಕು ಬಗೆಯಾಗಿರುವಾಗ ಶಿಷ್ಯನಿಗೆ ಅಂಕ ಕೊಡುವುದು ಹೇಗೆ?

ಇದಕ್ಕೆ ಬಳಸುವ ಅಳತೆಗೋಲುಗಳಲ್ಲೊಂದು ಡೈಸ್ ಸೂಚ್ಯಂಕ. ತರಗತಿಯಲ್ಲಿ ಇದನ್ನು ಮಾಡಿನೋಡಬಹುದು. ಒದ್ದೆಮಾಡಿದ ಗ್ರಾಫ್ ಹಾಳೆಗೆ ಒಂದು ಹನಿ ಶಾಯಿ ಬಿಟ್ಟು, ಹರಡಿ ಒಣಗಿದ ಮೇಲೆ, ಅದರ ಮೇಲೆ ಪಾರದರ್ಶಕ ಹಾಳೆಗಳನ್ನಿಟ್ಟು ಇಬ್ಬರು ಮಕ್ಕಳು ಪ್ರತ್ಯೇಕವಾಗಿ ಅಂಚನ್ನು ಗುರುತಿಸಲಿ. ಒಬ್ಬರ ಗೆರೆಯೊಳಗೆ 40 ಚೌಕ, ಇನ್ನೊಬ್ಬರದರಲ್ಲಿ 50, ಎರಡರಲ್ಲೂ ಇರುವವು 36 ಎಂದಿಟ್ಟುಕೊಳ್ಳಿ. 36ರ ಇಮ್ಮಡಿಯಾದ 72ನ್ನು ಒಟ್ಟು 90ರಿಂದ ಭಾಗಿಸಿದರೆ 0.8. ಪೂರ್ಣ ಹೊಂದಾಣಿಕೆಗೆ 1. ಯಾರ ಗೆರೆ ಸರಿಯೆಂದು ಶಿಕ್ಷಕರು ಹೇಳಬೇಕಾಗಿಲ್ಲ. ತಾವು ಅಲ್ಲೇ ಏಕೆ ನಿಲ್ಲಿಸಿದೆವೆಂಬುದನ್ನು ಮಕ್ಕಳೇ ವಿವರಿಸಲಿ.