ಸಕ್ಕರೆ ತಿನ್ನುವ ಅಣುಜೀವಿ: ಕಳ್ಳನೂ ಹೌದು, ಆಳೂ ಹೌದು



ಕಡಿದು ಮೂರು ದಿನ ಹೊಲದಲ್ಲೇ ಬಿದ್ದ ಕಬ್ಬನ್ನು ಮೂಸಿ ನೋಡಿದ್ದೀರಾ? ಹುಳಿ ವಾಸನೆ, ಕಡಿದ ಬಾಯಿ ಮುಟ್ಟಿದರೆ ಲೋಳೆ. ಅಂಥ ಕಬ್ಬಿನ ಹಾಲು ಕಾಯಿಸಿದರೆ ಬೆಲ್ಲ ಸರಿಯಾಗಿ ಅಚ್ಚು ಕಟ್ಟುವುದಿಲ್ಲ. ಇದೇಕೆ?

ಲೋಳೆಯ ಮೂಲ

ಮಣ್ಣಿನಲ್ಲಿ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಇದೆ. ಕಡಿದ ಬಾಯಿಯಿಂದ ಒಳಹೊಕ್ಕು, ಸಕ್ಕರೆಯನ್ನು ಒಡೆದು, ಡೆಕ್ಸ್‌ಟ್ರಾನ್ ಎಂಬ ಅಂಟನ್ನೂ ಆಮ್ಲಗಳನ್ನೂ ಮಾಡುತ್ತದೆ. ಸಕ್ಕರೆ ಕಡಿಮೆಯಾಗುತ್ತದೆ, ಹಾಲು ಮಂದವಾಗಿ ಸೋಸುವುದೂ ಹರಳುಗಟ್ಟುವುದೂ ಕಷ್ಟವಾಗುತ್ತದೆ. ಇದೇ ಡೆಕ್ಸ್‌ಟ್ರಾನನ್ನು ಶುದ್ಧವಾದ ತೊಟ್ಟಿಯಲ್ಲಿ ತಯಾರಿಸಿ, ರಕ್ತ ಕಳೆದುಕೊಂಡವರಿಗೆ ಏರಿಸುವ ದ್ರಾವಣಕ್ಕೆ ಬಳಸುತ್ತಾರೆ. ತೊಟ್ಟಿಯಲ್ಲಿ ಆಳು, ಹೊಲದಲ್ಲಿ ಕಳ್ಳ!

ತಿದ್ದಿದ ಬ್ಯಾಕ್ಟೀರಿಯಾ

ಕಾಕಂಬಿಯಿಂದ ಮದ್ಯಸಾರ ಮಾಡುವುದು ಯೀಸ್ಟ್‌ನ ಹಳೆಯ ಕಸುಬು. ಕಬ್ಬಿನ ಸಿಪ್ಪೆಯಲ್ಲೂ ಸಕ್ಕರೆಗಳು ಅಡಗಿವೆ. ಅವುಗಳಲ್ಲಿ ಕ್ಸೈಲೋಸ್ ಎಂಬುದನ್ನು ಸಾಮಾನ್ಯ ಯೀಸ್ಟ್ ಹುದುಗಿಸಲಾರದು. ಇ. ಕೋಲಿ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತದೆ, ಆದರೆ ಹೆಚ್ಚಾಗಿ ಆಮ್ಲ ಮಾಡುತ್ತದೆ. ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯಾ ಮದ್ಯಸಾರ ಮಾಡುವುದರಲ್ಲಿ ನಿಪುಣ, ಆದರೆ ಕ್ಸೈಲೋಸ್ ತಿನ್ನದು. 1987ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ಲೋನಿ ಇಂಗ್ರಾಮ್ ಮತ್ತು ಸಂಗಡಿಗರು ಜೈಮೊಮೊನಾಸ್‌ನ ಎರಡು ವಂಶವಾಹಿಗಳನ್ನು ಇ. ಕೋಲಿಯೊಳಗೆ ಸೇರಿಸಿದರು. ಕಾಡುಗಿಡದ ಬೇರಿಗೆ ಒಳ್ಳೆಯ ಜಾತಿಯ ಕುಡಿಯನ್ನು ಕಸಿ ಕಟ್ಟಿದ ಹಾಗೆ. ಎರಡೂ ಗುಣ ಒಂದರಲ್ಲೇ ಕೂಡಿದವು. 1991ರಲ್ಲಿ ಅಮೆರಿಕದ 50,00,000ನೆಯ ಪೇಟೆಂಟ್ ಈ ಕೆಲಸಕ್ಕೆ ಸಂದಿತು.

ಆದರೂ ಸಿಪ್ಪೆಯೊಳಗಿನ ಸಕ್ಕರೆಯನ್ನು ಮೊದಲು ಬಿಡಿಸಬೇಕು. ಅದಕ್ಕೆ ಖರ್ಚು ಹೆಚ್ಚು. ಆ ಲಾಭವನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ.

ನಾವು ಮಾಡಬೇಕಾದದ್ದು

ತಾಳವಾಡಿಯ ಕಬ್ಬು ದಿಂಬಂನ 27 ತಿರುವು ಇಳಿಯಬೇಕು. 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಸಂಜೆ ತಡವಾದ ಲಾರಿ ಬೆಳಗಿನವರೆಗೆ ನಿಲ್ಲುತ್ತದೆ. ಆ ರಾತ್ರಿಯೆಲ್ಲ ಕಳ್ಳನಿಗೆ ಊಟ. ಆದ್ದರಿಂದ:

1. ಕಟಾವು ಆದೇಶ, ಲಾರಿ ಎರಡೂ ಖಚಿತವಾದ ಮೇಲೆಯೇ ಕತ್ತಿ ಹಾಕಿ.

2. ಹರಿತವಾದ ಕತ್ತಿಯಿಂದ ಬುಡಮಟ್ಟಕ್ಕೆ ಕಡಿಯಿರಿ. ತುಂಡು ಹೆಚ್ಚಿದಷ್ಟೂ ಅಣುಜೀವಿಗೆ ಬಾಗಿಲು ಹೆಚ್ಚು. ಮಣ್ಣು, ಬೇರು ತೆಗೆದು ಹಾಕಿ.

3. ಕಾಯಬೇಕಾಗಿ ಬಂದರೆ ನೆರಳಲ್ಲಿ ಕೂಡಿಹಾಕಿ, ತರಗು ಹೊದಿಸಿ. ಬೆಂಕಿ ತಗುಲಿದ ಕಬ್ಬನ್ನು ಮೊದಲು ಸಾಗಿಸಿ.

4. ಹಗಲಿರುವಾಗಲೇ ಘಾಟಿ ಇಳಿಯುವಂತೆ ಲೋಡ್ ಮುಗಿಸಿ.

ಕಬ್ಬು ಒಣಗಿ ತೂಕ ಇಳಿದರೆ ನಷ್ಟ ನಿಮ್ಮೊಬ್ಬರದು. ಸಕ್ಕರೆ ಇಳಿದರೆ ಎಲ್ಲ ಸದಸ್ಯರದು. ಹೊಲದಲ್ಲಿ ಹೋದ ಸಕ್ಕರೆಯನ್ನು ಯಾವ ದೇಶದ ಬ್ಯಾಕ್ಟೀರಿಯಾವೂ ಮರಳಿ ತಂದುಕೊಡದು.

– ಕಬ್ಬು ಅಭಿವೃದ್ಧಿ ಅಧಿಕಾರಿ