ಆಟ ಮುಗಿದ ಮೇಲೆ: ಹಳೆಯ ಫುಟ್‌ಬಾಲ್ ಆಟಗಾರರ ಬಾಳಿನಿಂದ ರೈತ ಕುಟುಂಬಗಳಿಗೆ ಐದು ಪಾಠಗಳು



ದೇಹದಿಂದ ದುಡಿಯುವವರಲ್ಲಿ ಎರಡು ಬಗೆಯವರನ್ನು ಹೋಲಿಸಿ ನೋಡುವುದು ಈ ಬಾರಿಯ ಲೇಖನದ ಉದ್ದೇಶ. ಒಬ್ಬ ಮೈದಾನದಲ್ಲಿ ಓಡುವ ಆಟಗಾರ, ಇನ್ನೊಬ್ಬ ಹೊಲದಲ್ಲಿ ಗೇಯುವ ರೈತ. ಇಬ್ಬರಿಗೂ ಬಂಡವಾಳ ದೇಹವೇ. ಇಬ್ಬರೂ ಹರೆಯದಲ್ಲಿ ನೋವನ್ನು ಲೆಕ್ಕಿಸುವುದಿಲ್ಲ. ಆ ಲೆಕ್ಕ ಇಬ್ಬರಿಗೂ ವಯಸ್ಸಾದ ಮೇಲೆ ಸಿಗುತ್ತದೆ. ಆಟಗಾರನ ಕಥೆ ಪತ್ರಿಕೆಯಲ್ಲಿ ಬರುತ್ತದೆ, ರೈತನ ಕಥೆ ಮನೆಯ ಜಗಲಿಯಲ್ಲೇ ಮುಗಿಯುತ್ತದೆ, ವ್ಯತ್ಯಾಸ ಇಷ್ಟೇ.

ನಮ್ಮ ಹೊಸೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬೆಂಗಳೂರು ಒಂದು ಕಾಲದಲ್ಲಿ ಭಾರತದ ಫುಟ್‌ಬಾಲ್‌ಗೆ ದೊಡ್ಡ ತವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ನಮ್ಮ ತಂಡದಲ್ಲಿ ಹೆಚ್ಚಿನವರು ಬರಿಗಾಲಿನವರು. ಅವರಲ್ಲಿ ಬೆಂಗಳೂರಿನ ಅಹಮದ್ ಖಾನ್ ಒಬ್ಬರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಆ ಚಿನ್ನದ ಪದಕವನ್ನು ಭಾರತ ಫುಟ್‌ಬಾಲ್‌ನಲ್ಲಿ ಮತ್ತೆ ಗೆದ್ದಿಲ್ಲ.

ಜಕಾರ್ತಾದ ವೀರರು ಮತ್ತು ಅವರ ಮುಪ್ಪು

ಆ ಕೂಟದಲ್ಲಿ ನಡೆದ ಒಂದು ಸಂಗತಿಯನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರಿಗೆ ಮೊದಲ ಸುತ್ತಿನ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಆದರೂ ಅವರನ್ನು ಮುಂದಿನ ಸಾಲಿನಲ್ಲಿ ಆಡಿಸಲಾಯಿತು. ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ ಫೈನಲ್‌ನಲ್ಲೂ ಒಂದು ಗೋಲು ಅವರದೇ. ಧೈರ್ಯಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಆದರೆ ಇಂದಿನ ವೈದ್ಯಶಾಸ್ತ್ರ ಇಂಥ ಧೈರ್ಯವನ್ನು ಒಪ್ಪುವುದಿಲ್ಲ.

ಆ ತಂಡದವರ ಮತ್ತು ಇತರ ಹಳೆಯ ಆಟಗಾರರ ಮುಂದಿನ ಬಾಳನ್ನು ನೋಡೋಣ. ಹೈದರಾಬಾದಿನ ಯೂಸುಫ್ ಖಾನ್ ಕೊನೆಯ ವರ್ಷಗಳಲ್ಲಿ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯಿಂದ ನರಳಿ 2006ರಲ್ಲಿ ತೀರಿಕೊಂಡರು. 2020ರ ಮಾರ್ಚ್‌ನಲ್ಲಿ ತೀರಿಕೊಂಡ ಪಿ. ಕೆ. ಬ್ಯಾನರ್ಜಿ ಅವರಿಗೆ ಪಾರ್ಕಿನ್ಸನ್ ಜೊತೆಗೆ ಮರೆವಿನ ಕಾಯಿಲೆಯೂ ಇತ್ತು. ಕೇರಳದ ಒ. ಚಂದ್ರಶೇಖರನ್ 2021ರ ಆಗಸ್ಟ್‌ನಲ್ಲಿ ತೀರಿಕೊಳ್ಳುವ ಮುನ್ನ ಮರೆವಿನ ಕಾಯಿಲೆಗೆ ತುತ್ತಾಗಿದ್ದರು. ಸಿಕಂದರಾಬಾದಿನ ತುಳಸಿದಾಸ್ ಬಲರಾಂ ಶ್ವಾಸಕೋಶದ ಕಾಯಿಲೆಯಿಂದ 27ರ ವಯಸ್ಸಿಗೇ ಆಟ ಬಿಟ್ಟರು. ಮದುವೆಯಾಗದೆ, ಬಂಗಾಳದ ಉತ್ತರಪಾಡಾದಲ್ಲಿ ಒಂಟಿಯಾಗಿ ಬಾಳಿ 2023ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದರು. 'ಏಷ್ಯಾದ ಪೆಲೆ' ಎಂದು ಹೊಗಳಿಸಿಕೊಂಡ, ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳಿಗೆ ಆಡಿದ ಪೂಂಗಂ ಕಣ್ಣನ್ 2019ರ ಏಪ್ರಿಲ್‌ನಲ್ಲಿ ಕೊಲ್ಕತ್ತಾದಲ್ಲಿ ಹಣದ ಕಷ್ಟದ ನಡುವೆಯೇ ತೀರಿಕೊಂಡರು.

ಇವರಲ್ಲಿ ಯಾರ ಕಾಯಿಲೆಗೆ ಯಾವುದು ಕಾರಣವೆಂದು ನಾವು ತೀರ್ಪು ಕೊಡಲಾಗದು. ಮರೆವಿನ ಕಾಯಿಲೆ ಚೆಂಡನ್ನೇ ಮುಟ್ಟದವರಿಗೂ ಬರುತ್ತದೆ. ಆದರೆ ಸಾವಿರಾರು ಆಟಗಾರರನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಒಂದು ಸತ್ಯ ಹೊರಬರುತ್ತದೆ.

ವಿಜ್ಞಾನ ಏನು ಹೇಳುತ್ತದೆ?

ಇಂಗ್ಲೆಂಡಿನಲ್ಲಿ ಜೆಫ್ ಆಸ್ಲ್ ಎಂಬ ಆಟಗಾರ ತಲೆಯಿಂದ ಗೋಲು ಹೊಡೆಯುವುದರಲ್ಲಿ ಹೆಸರುವಾಸಿ. ಆ ಕಾಲದ ತೊಗಲಿನ ಚೆಂಡು ಮಳೆಯಲ್ಲಿ ನೀರು ಹೀರಿ ಭಾರವಾಗುತ್ತಿತ್ತು. ಅವರು ಮರೆವಿನ ಕಾಯಿಲೆಯಿಂದ 2002ರಲ್ಲಿ, ಕೇವಲ 59ರ ವಯಸ್ಸಿನಲ್ಲಿ ತೀರಿಕೊಂಡರು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ ಇದನ್ನು 'ವೃತ್ತಿಯಿಂದ ಬಂದ ಕಾಯಿಲೆ' ಎಂದು ದಾಖಲಿಸಿದರು.

ಮುಂದೆ 2019ರಲ್ಲಿ ಗ್ಲ್ಯಾಸ್ಗೊ ವಿಶ್ವವಿದ್ಯಾಲಯದ ಡಾ. ವಿಲ್ಲಿ ಸ್ಟೂವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ಆಟಗಾರರನ್ನು 23,028 ಸಾಮಾನ್ಯ ಜನರೊಂದಿಗೆ ಹೋಲಿಸಿದರು. ಆಟಗಾರರಲ್ಲಿ ಹೃದಯಾಘಾತ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾವು ಕಡಿಮೆ ಇತ್ತು. ಓಟ, ವ್ಯಾಯಾಮ ಒಳ್ಳೆಯದೆಂಬುದಕ್ಕೆ ಇದು ಸಾಕ್ಷಿ. ಆದರೆ ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಪ್ರಮಾಣ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. 2021ರಲ್ಲಿ ಅದೇ ತಂಡ ಇನ್ನಷ್ಟು ಪರಿಶೀಲಿಸಿದಾಗ, ಚೆಂಡನ್ನು ಹೆಚ್ಚಾಗಿ ತಲೆಯಿಂದ ಹೊಡೆಯುವ ರಕ್ಷಣಾ ಆಟಗಾರರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು, ಕೈಯಿಂದ ಚೆಂಡು ಹಿಡಿಯುವ ಗೋಲ್‌ಕೀಪರ್‌ಗಳಿಗೆ ಎಲ್ಲರಿಗಿಂತ ಕಡಿಮೆ ಎಂದು ಕಂಡಿತು.

ಅಂದರೆ ದುಡಿಮೆ ದೇಹಕ್ಕೆ ಒಳ್ಳೆಯದು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಕೆಟ್ಟದ್ದು. ಈಗ ನಮ್ಮ ಮನೆಗಳಿಗೆ ಬರೋಣ.

ಮೊದಲನೆಯ ಪಾಠ: ತಲೆಯ ಪೆಟ್ಟನ್ನು ಹಗುರವಾಗಿ ಕಾಣಬೇಡಿ

ಹುಲ್ಲಿನ ಹೊರೆ, ಟೊಮೇಟೊ ಕ್ರೇಟು ಹೊರುವುದು ಚೆಂಡಿನ ಪೆಟ್ಟಿನಂತಲ್ಲ. ಅದು ನಿಧಾನವಾದ ಭಾರ. ಕುತ್ತಿಗೆಗೆ ನೋವು ತರಬಹುದು, ಮಿದುಳನ್ನು ಅಲುಗಿಸುವುದಿಲ್ಲ. ನಮ್ಮಲ್ಲಿ ಮಿದುಳಿಗೆ ಅಪಾಯ ತರುವುದು ಮಾವು, ಹುಣಸೆ, ತೆಂಗಿನ ಮರದಿಂದ ಬೀಳುವುದು, ಹಸು ಎತ್ತುಗಳ ಒದೆತ, ಟ್ರ್ಯಾಕ್ಟರಿನಿಂದ ಜಾರುವುದು, ಮತ್ತು ಹೆಲ್ಮೆಟ್ ಇಲ್ಲದ ಬೈಕ್ ಸವಾರಿ.

ಬಿದ್ದವನು ಎದ್ದು ಕುಳಿತು 'ಏನೂ ಆಗಿಲ್ಲ' ಎಂದರೂ ಆ ದಿನ ಮತ್ತೆ ಮರ ಹತ್ತಬಾರದು, ಗಾಡಿ ಓಡಿಸಬಾರದು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ ಹಾನಿ ಬಹಳ ಹೆಚ್ಚು. ಎರಡು ದಿನ ಒಬ್ಬರು ಜೊತೆಗಿದ್ದು ಗಮನಿಸಬೇಕು. ಈ ಕೆಳಗಿನ ಯಾವುದೇ ಲಕ್ಷಣ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ:

1. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು.
2. ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಫಿಟ್ಸ್.
3. ಮೂಗು ಅಥವಾ ಕಿವಿಯಿಂದ ರಕ್ತ, ಇಲ್ಲವೇ ತಿಳಿನೀರು.
4. ಒಂದು ಕಡೆಯ ಕೈಕಾಲು ಸೋಲುವುದು.

ಮರದಿಂದ ಬಿದ್ದವರನ್ನು ಹೆಗಲು, ಕಾಲು ಹಿಡಿದು ಎತ್ತಬೇಡಿ. ಬೆನ್ನುಮೂಳೆ ಮುರಿದಿದ್ದರೆ ಶಾಶ್ವತವಾಗಿ ಕಾಲು ಹೋಗಬಹುದು. ಗಾಯಕ್ಕೆ ಕಾಫಿಪುಡಿ ಮೆತ್ತಬೇಡಿ, ಶುಭ್ರವಾದ ಬಟ್ಟೆ ಕಟ್ಟಿ. ಕುಡಿಯಲು ಏನನ್ನೂ ಕೊಡಬೇಡಿ.

ವಯಸ್ಸಾದವರಲ್ಲಿ ಇನ್ನೊಂದು ಅಪಾಯವಿದೆ. ಬಚ್ಚಲಲ್ಲಿ ಜಾರಿ ತಲೆ ತಗುಲಿದ್ದನ್ನು ಎಲ್ಲರೂ ಮರೆತಿರುತ್ತಾರೆ. ಎರಡು ಮೂರು ವಾರ ಕಳೆದ ಮೇಲೆ ಅಜ್ಜ ಮಂಕಾಗುತ್ತಾನೆ, ನಡಿಗೆ ಓಲಾಡುತ್ತದೆ, ಮಾತು ತಪ್ಪುತ್ತದೆ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ ಹೆಪ್ಪುಗಟ್ಟಿರಬಹುದು. 'ವಯಸ್ಸಾಯಿತು' ಎಂದು ಮೂಲೆಯಲ್ಲಿ ಮಲಗಿಸಿದರೆ ಪ್ರಾಣ ಹೋಗುತ್ತದೆ. ಸ್ಕ್ಯಾನ್ ಮಾಡಿಸಿ ಚಿಕಿತ್ಸೆ ಕೊಡಿಸಿದರೆ ಹಲವರು ಮೊದಲಿನಂತಾಗುತ್ತಾರೆ. ಹೃದಯಕ್ಕಾಗಿ ರಕ್ತ ತೆಳುವಾಗುವ ಮಾತ್ರೆ ನುಂಗುವವರಲ್ಲಿ ಇದು ಹೆಚ್ಚು.

ಎರಡನೆಯ ಪಾಠ: ಮಂಡಿಯನ್ನು ಮಾತ್ರೆಯಿಂದ ಮೋಸಗೊಳಿಸಬೇಡಿ

ಅರ್ಜೆಂಟೀನಾದ ಗೇಬ್ರಿಯೆಲ್ ಬಟಿಸ್ಟೂಟ 2005ರಲ್ಲಿ ಆಟ ಬಿಟ್ಟ ಮೇಲೆ ಕಾಲಿನ ನೋವು ತಾಳಲಾರದೆ, ಕಾಲನ್ನೇ ಕತ್ತರಿಸಿಬಿಡಿ ಎಂದು ವೈದ್ಯರನ್ನು ಬೇಡಿಕೊಂಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ನೋವನ್ನು ಅಡಗಿಸಿ ಆಡಿದ್ದರ ಫಲವದು. ನೋವು ದೇಹ ಬಾರಿಸುವ ಗಂಟೆ. ಗಂಟೆಯ ನಾಲಗೆ ಕಟ್ಟಿದರೆ ಬೆಂಕಿ ಆರುವುದಿಲ್ಲ.

ಕಳೆ ಕೀಳುವಾಗ ಗಂಟೆಗಟ್ಟಲೆ ಕುಕ್ಕುರುಗಾಲಲ್ಲಿ ಕೂರುವ ನಮ್ಮ ತಾಯಂದಿರಿಗೆ ಮಂಡಿ ಸವೆತ ಹೊಸದಲ್ಲ. ಆದರೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗುವುದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಬೇಗ. ಬದಲಿಗೆ ಕಳೆ ಕೀಳಲು ಉದ್ದ ಹಿಡಿಯ ಸಾಧನ ಬಳಸಿ. ಹೂ ಬಿಡಿಸಿ ಕಟ್ಟುವಾಗ ಮಣೆ ಅಥವಾ ಸ್ಟೂಲಿನ ಮೇಲೆ ಕೂರಿ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರಕ್ಕೆ ಚಾಚಿ ಹತ್ತು ಎಣಿಸಿ ಇಳಿಸಿ. ದಿನಕ್ಕೆ ಎರಡು ಹೊತ್ತು, ಹತ್ತು ಸಲ. ತೊಡೆಯ ಮಾಂಸಖಂಡ ಬಲವಾದರೆ ಮಂಡಿಯ ಹೊರೆ ಇಳಿಯುತ್ತದೆ. ದೇಹದ ತೂಕ ಹೆಚ್ಚಿದ್ದರೆ ಅದನ್ನೂ ಇಳಿಸಬೇಕು.

ಮೂರನೆಯ ಪಾಠ: ತಟ್ಟೆ ಮತ್ತು ಲೋಟ

ಆಟ ನಿಂತರೂ ಆಟಗಾರನ ಹಸಿವು ನಿಲ್ಲುವುದಿಲ್ಲ. ಹಾಗೆಯೇ ಉಳುವುದನ್ನು ಮಗನಿಗೆ ಬಿಟ್ಟವರು, ಜಮೀನು ಮಾರಿ ಮನೆಯಲ್ಲಿ ಕುಳಿತವರು ನೇಗಿಲು ಹಿಡಿದಾಗಿನಷ್ಟೇ ಮುದ್ದೆ ಉಣ್ಣುತ್ತಾರೆ. ಹೊಟ್ಟೆ, ಬಿಪಿ, ಸಕ್ಕರೆ ಮೂರೂ ಜೊತೆಯಾಗಿ ಬರುತ್ತವೆ. ರಾಗಿ ಒಳ್ಳೆಯದೆಂದು ಮಿತಿ ಮೀರಬಾರದು. ಮುದ್ದೆ ಚಿಕ್ಕದಾಗಲಿ, ಸೊಪ್ಪು, ಹುರುಳಿ, ಅವರೆ ಹೆಚ್ಚಾಗಲಿ.

ಲೋಟದ ವಿಷಯ ಇದಕ್ಕಿಂತ ಕಠಿಣ. ಬ್ರೆಜಿಲ್‌ಗೆ ಎರಡು ವಿಶ್ವಕಪ್ ಗೆದ್ದುಕೊಟ್ಟ ಗಾರಿಂಚಾ ಕುಡಿತದಿಂದ ಹಾಳಾಗಿ 1983ರಲ್ಲಿ 49ಕ್ಕೇ ಸತ್ತರು. ಜಾರ್ಜ್ ಬೆಸ್ಟ್‌ಗೆ 2002ರಲ್ಲಿ ಬೇರೊಬ್ಬರ ಯಕೃತ್ತು ಜೋಡಿಸಲಾಯಿತು. ಆಮೇಲೂ ಕುಡಿತ ಬಿಡಲಾಗದೆ 2005ರಲ್ಲಿ 59ಕ್ಕೆ ಸತ್ತರು. ಹಣ, ಹೆಸರು, ದೊಡ್ಡ ಆಸ್ಪತ್ರೆ ಯಾವುದೂ ಉಳಿಸಲಿಲ್ಲ. ಕುಡಿತದ ಚಟ ಒಂದು ಕಾಯಿಲೆ, ಬೈಗುಳದಿಂದ ವಾಸಿಯಾಗದು. ಹಲವು ವರ್ಷ ಕುಡಿದವರು ಒಂದೇ ದಿನ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಆದ್ದರಿಂದ ವೈದ್ಯರ ನೆರವಿನಿಂದಲೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ನಾಲ್ಕನೆಯ ಪಾಠ: ಸುಗ್ಗಿಯ ಹಣ, ಮುಪ್ಪಿನ ಒಂಟಿತನ

ಆಟಗಾರನ ಗಳಿಕೆ ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ನಮ್ಮ ಕೃಷ್ಣಗಿರಿಯ ಮಾವಿನ ಹಣವೂ ಎರಡು ಮೂರು ತಿಂಗಳಲ್ಲಿ ಬಂದು ವರ್ಷವೆಲ್ಲ ನಡೆಯಬೇಕು. ಕೈಗೆ ಬಂದ ದಿನವೇ ಒಂದು ಪಾಲನ್ನು ಮುಪ್ಪಿಗೆ ಎತ್ತಿಡದಿದ್ದರೆ ಚಪ್ಪಾಳೆ ಹೊಟ್ಟೆ ತುಂಬಿಸುವುದಿಲ್ಲ. 18ರಿಂದ 40 ವರ್ಷದೊಳಗಿನವರು, ಆದಾಯ ತೆರಿಗೆ ಕಟ್ಟದವರು, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಅಟಲ್ ಪಿಂಚಣಿ ಯೋಜನೆಗೆ ಸೇರಬಹುದು. 60 ತುಂಬಿದ ಮೇಲೆ, ಕಟ್ಟಿದ ಮೊತ್ತಕ್ಕೆ ತಕ್ಕಂತೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಬರುತ್ತದೆ.

ಹಣಕ್ಕಿಂತ ದೊಡ್ಡ ಕೊರತೆ 'ಇನ್ನು ನಾನು ಯಾರಿಗೂ ಬೇಡ' ಎಂಬ ಭಾವನೆ. ಹಿರಿಯರನ್ನು ಕೂರಿಸಿ ಉಪಚರಿಸಿದರೆ ಸಾಲದು. ಶಕ್ತಿಗೆ ತಕ್ಕ ಕೆಲಸ ಕೊಡಿ. ಕರುಗಳನ್ನು ನೋಡಿಕೊಳ್ಳುವುದು, ಸಸಿಮಡಿಗೆ ನೀರು ಹಾಕುವುದು, ಗುಲಾಬಿ ಕಸಿ ಕಟ್ಟುವುದನ್ನು ಮೊಮ್ಮಕ್ಕಳಿಗೆ ಕಲಿಸುವುದು. 'ಈ ಸಲ ಯಾವ ಬೀಜ ಹಾಕೋಣ?' ಎಂದು ಕೇಳಿದರೂ ಸಾಕು, ಅದೇ ಔಷಧಿ. ಊಟ, ನಿದ್ದೆ ಬಿಟ್ಟು ಸಾವಿನ ಮಾತಾಡುವವರಿದ್ದರೆ ಒಂಟಿಯಾಗಿ ಬಿಡದೆ ವೈದ್ಯರಿಗೆ ತೋರಿಸಿ. 14416 ಸಂಖ್ಯೆಗೆ ಕರೆ ಮಾಡಿದರೆ ಮನಸ್ಸಿನ ಆರೋಗ್ಯದ ಸಲಹೆ ಉಚಿತವಾಗಿ ಸಿಗುತ್ತದೆ.

ಐದನೆಯ ಪಾಠ: ಮರೆವಿನ ಹಿರಿಯರ ಆರೈಕೆ

ಮರೆವೆಲ್ಲ ವಾಸಿಯಾಗದ ಕಾಯಿಲೆಯಲ್ಲ. ಥೈರಾಯ್ಡ್ ತೊಂದರೆ, ಬಿ12 ಜೀವಸತ್ವದ ಕೊರತೆ, ಮನೋಖಿನ್ನತೆ, ಕಿವುಡುತನ, ಸಕ್ಕರೆ ಮಾತ್ರೆಯ ಏರುಪೇರು, ಇವೂ ಮರೆವು ತರುತ್ತವೆ ಮತ್ತು ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ಪರೀಕ್ಷೆ ಮಾಡಿಸಬೇಕು. ಮರೆವಿನ ಕಾಯಿಲೆಯೇ ಎಂದು ಖಚಿತವಾದರೆ ಮನೆಯಲ್ಲಿ ಈ ಎಚ್ಚರಿಕೆಗಳು ಬೇಕು:

1. ಕೀಟನಾಶಕವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ನೀರಿನ, ಜ್ಯೂಸಿನ ಬಾಟಲಿಗೆ ಎಂದೂ ಸುರಿಯಬೇಡಿ.
2. ಬಾವಿಗೆ ಕಟ್ಟೆ, ಮುಚ್ಚಳ ಮಾಡಿಸಿ. ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿರಲಿ.
3. ಜೇಬಿನಲ್ಲಿ ಹೆಸರು, ಊರು, ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ.
4. ಊಟ, ಸ್ನಾನ, ನಿದ್ದೆ ದಿನವೂ ಒಂದೇ ಹೊತ್ತಿಗೆ ಆಗಲಿ. 'ಈಗ ತಾನೇ ಹೇಳಿದೆನಲ್ಲ' ಎಂದು ಗದರಬೇಡಿ. ಅವರು ಬೇಕೆಂದು ಮರೆಯುತ್ತಿಲ್ಲ.
5. ಜಮೀನಿನ ಪಟ್ಟಾ, ಉಯಿಲುಗಳ ವಿಷಯವನ್ನು ಬುದ್ಧಿ ಸ್ಪಷ್ಟವಾಗಿರುವಾಗಲೇ ಎಲ್ಲ ಮಕ್ಕಳ ಮುಂದೆ ಇತ್ಯರ್ಥ ಮಾಡಿ. ಅರಿವಿಲ್ಲದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ.
6. ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬಳೇ ಸೊಸೆ ಅಥವಾ ಮಗಳು. ವಾರಕ್ಕೆ ಒಂದು ದಿನವಾದರೂ ಬೇರೆಯವರು ಆ ಹೊಣೆ ಹೊತ್ತು ಅವರಿಗೆ ಬಿಡುವು ಕೊಡಬೇಕು. ನೆರೆಹೊರೆಯವರು, ಸಭೆಯ ಸಂಘಗಳು ಮಾಡಬಹುದಾದ ದೊಡ್ಡ ಸೇವೆ ಇದು.

ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ವ್ಯಾಯಾಮ ಚಿಕಿತ್ಸೆ, ಹಾಸಿಗೆ ಹಿಡಿದವರ ಆರೈಕೆ ಇವನ್ನು ಮನೆ ಬಾಗಿಲಿಗೆ ತರುವ ಯೋಜನೆಯಿದು. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಹಿರಿಯರಿಗೆ ಕಿರುಕುಳವಾಗುತ್ತಿದ್ದರೆ, ದಿಕ್ಕಿಲ್ಲದಿದ್ದರೆ 14567ಕ್ಕೆ ಕರೆ ಮಾಡಬಹುದು.

ಆಡುವ ಮಕ್ಕಳನ್ನು ತಡೆಯಬೇಡಿ. ಆಟ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದು. ಆದರೆ ಚಿಕ್ಕ ಮಕ್ಕಳು ಚೆಂಡನ್ನು ತಲೆಯಿಂದ ಹೊಡೆಯುವುದು ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷದೊಳಗಿನವರಿಗೆ ಇದನ್ನು ನಿಷೇಧಿಸಿತು.

ಮನೆಯಲ್ಲಿ ಕೂತು ಚರ್ಚಿಸಲು

1. ನಮ್ಮ ಮನೆಯ ಹಿರಿಯರು ಕಳೆದ ಆರು ತಿಂಗಳಲ್ಲಿ ಎಲ್ಲಾದರೂ ಬಿದ್ದಿದ್ದಾರೆಯೇ?
2. ಅವರು ದಿನವೂ ನುಂಗುವ ಮಾತ್ರೆಗಳು ಯಾವುವು, ಯಾರು ಬರೆದುಕೊಟ್ಟದ್ದು?
3. ಕೀಟನಾಶಕ ಈಗ ಎಲ್ಲಿದೆ? ಬೀಗ ಇದೆಯೇ?
4. ನಾವು ಈ ವಾರ ಯಾವ ವಿಷಯದಲ್ಲಿ ಅವರ ಸಲಹೆ ಕೇಳಿದೆವು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಇಂದೇ ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಕೇಳಿ.