ಕೈಗೆ ಹೊಂದುವ ಹ್ಯಾಂಡಲ್

ತುಮಕೂರಿನಿಂದ ಚಿತ್ರದುರ್ಗಕ್ಕೆ ಬೈಕಿನಲ್ಲಿ ಹೋಗಿ ಇಳಿದಾಗ ನಿಮ್ಮ ಕಿರುಬೆರಳು ಜೋಮು ಹಿಡಿದಿರುತ್ತದೆಯೇ? ಹೆಗಲು ಸೆಳೆಯುತ್ತದೆಯೇ? ಸೀಟನ್ನು ಬೈಯುವ ಮೊದಲು ಹ್ಯಾಂಡಲ್ ಕಡೆ ನೋಡಿ. ನಿಮ್ಮ ಕೈ ಎಲ್ಲಿರಬೇಕು, ಬೆನ್ನು ಎಷ್ಟು ಬಾಗಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಆ ಬಾಗಿದ ಕೊಳವೆಯೇ.

ಹಣ ಖರ್ಚು ಮಾಡುವ ಮೊದಲು ಬಿಟ್ಟಿ ಉಪಾಯವೊಂದಿದೆ. ಹ್ಯಾಂಡಲ್ಲನ್ನು ನಡುವೆ ಕಚ್ಚಿ ಹಿಡಿದಿರುವ ಲೋಹದ ತುಂಡುಗಳಿಗೆ ಕ್ಲಾಂಪ್ ಎನ್ನುತ್ತಾರೆ. ಅದರ ಬೋಲ್ಟುಗಳನ್ನು ತುಸು ಸಡಿಲಿಸಿ, ಹ್ಯಾಂಡಲ್ಲನ್ನು ಕೊಂಚ ನಿಮ್ಮತ್ತ ಹೊರಳಿಸಿ, ಮತ್ತೆ ಬಿಗಿ ಮಾಡಿ. ಬಳಿಕ ಕ್ಲಚ್ ಮತ್ತು ಬ್ರೇಕಿನ ಲಿವರುಗಳನ್ನೂ ಹೊಂದಿಸಿ: ಸೀಟಿನಲ್ಲಿ ಕೂತು ಬೆರಳು ಚಾಚಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ನೇರವಿರಬೇಕು, ಮಣಿಕಟ್ಟು ಮುರಿದಂತೆ ಬಾಗಬಾರದು. ಎಷ್ಟೋ ಜನರ ನೋವು ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮೂರು ಅಳತೆಗಳನ್ನು ತಿಳಿದುಕೊಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಇರುವುದು ಅಗಲ. ಕ್ಲಾಂಪಿನಿಂದ ಹಿಡಿಗಳು ಎಷ್ಟು ಮೇಲಿವೆ ಎಂಬುದು ಎತ್ತರ, ಅಂಗಡಿಯವರ ಮಾತಿನಲ್ಲಿ ರೈಸ್. ಹಿಡಿಗಳು ಸವಾರನತ್ತ ಎಷ್ಟು ಹಿಂದಕ್ಕೆ ಬಂದಿವೆ ಎಂಬುದು ಪುಲ್‌ಬ್ಯಾಕ್. ಇವನ್ನು ನಿಮ್ಮ ಮೈಗೆ ಹೊಂದಿಸುವುದು ಹೀಗೆ: ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಅಥವಾ ಯಾರಾದರೂ ನೆಟ್ಟಗೆ ಹಿಡಿದಿರಲಿ. ನೀವು ಕೂತು, ಕಣ್ಣು ಮುಚ್ಚಿ, ಮೊಣಕೈ ತುಸು ಮಡಿಸಿ ಕೈಗಳನ್ನು ಆರಾಮಾಗಿ ಮುಂದೆ ಚಾಚಿ. ಈಗಿನ ಹಿಡಿಗಳಿಗೂ ನಿಮ್ಮ ಅಂಗೈಗೂ ಇರುವ ಅಂತರವನ್ನು ಮನೆಯವರೊಬ್ಬರು ದರ್ಜಿಯ ಟೇಪಿನಲ್ಲಿ ಅಳೆಯಲಿ. ಬಹಳ ಸಲ ಎರಡು ಅಂಗುಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ತೀರಾ ಎತ್ತರದ ಹ್ಯಾಂಡಲ್ ಹಾಕಿದರೆ ಗಾಳಿಯೆಲ್ಲ ಎದೆಗೆ ಬಡಿಯುತ್ತದೆ, ಗುಂಡಿಯ ಪೆಟ್ಟು ನೇರ ಬೆನ್ನುಮೂಳೆಗೆ ಬೀಳುತ್ತದೆ.

ಇನ್ನು ಕೊಳವೆಯ ದಪ್ಪ. ನಮ್ಮಲ್ಲಿ ಓಡುವ ಬಹುತೇಕ ಬೈಕುಗಳಲ್ಲಿ ಇದು 22 ಮಿಲಿಮೀಟರ್. ಕೆಲವು ಹೊಸ ಬೈಕುಗಳಲ್ಲಿ ನಡುಭಾಗ ದಪ್ಪವಿದ್ದು ತುದಿ ಸಣ್ಣದಾಗಿರುತ್ತದೆ. ಆದ್ದರಿಂದ ಕ್ಲಾಂಪ್ ಕಚ್ಚುವ ಜಾಗವನ್ನೇ ಅಳೆಯಿರಿ. ಪಲ್ಸರ್ 220ರಂಥ ಬೈಕುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಹಿಡಿಗಳಿರುತ್ತವೆ. ಅದಕ್ಕೆ ಕ್ಲಿಪ್-ಆನ್ ಎಂದು ಹೆಸರು. ಅಲ್ಲಿ ಉದ್ದ ಕೊಳವೆ ಸುಮ್ಮನೆ ಕೂರುವುದಿಲ್ಲ.

ಕಡಿಮೆ ಖರ್ಚಿನ ದಾರಿ ನಿಮ್ಮದೇ ಕಂಪನಿಯ ಬೇರೆ ಮಾಡೆಲ್ಲಿನ ಉಕ್ಕಿನ ಹ್ಯಾಂಡಲ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗೆ ಹೋಗುವಾಗ ಬೈಕಿನಲ್ಲೇ ಹೋಗಿ, ಹಿಡಿದು ನೋಡಿ ಕೊಳ್ಳಿ. ಹಳೆಯದನ್ನು ಕೊಳ್ಳುವುದಾದರೆ ನೆಲದ ಮೇಲೆ ಪತ್ರಿಕೆ ಹಾಸಿ, ಒಂದು ಬದಿಯ ಬಾಗನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿ, ಕಾಗದ ಮಗುಚಿ ಇನ್ನೊಂದು ಬದಿಗೆ ಹೋಲಿಸಿ. ಗೆರೆ ತಪ್ಪಿದರೆ ಅದು ಬಿದ್ದೆದ್ದ ಬೈಕಿನದು. ಬಡಿದು ನೇರ ಮಾಡಿಕೊಡುತ್ತೇನೆಂದರೂ ಬೇಡ ಎನ್ನಿ.

ಎಲ್ಲರೂ ಮರೆಯುವುದು ಕೇಬಲ್ಲನ್ನು. ನಾನೂ ಮರೆತಿದ್ದೆ. ಮೊದಲ ಸಲ ಮಾರುದ್ದದ ಹ್ಯಾಂಡಲ್ ಹಾಕಿಸಿ, ಮನೆಯ ಗೇಟಿನಲ್ಲಿ ತಿರುಗಿಸಿದ್ದೇ ತಡ, ಆಕ್ಸಿಲರೇಟರ್ ಕೇಬಲ್ ಸೆಳೆದು ಎಂಜಿನ್ ತಾನಾಗಿಯೇ ಕಿರುಚಿತು. ಪುಣ್ಯಕ್ಕೆ ಗೇರಿನಲ್ಲಿರಲಿಲ್ಲ. ಹ್ಯಾಂಡಲ್ ಎತ್ತರವಾದಷ್ಟೂ ಉದ್ದದ ಕೇಬಲ್ಲು, ಡಿಸ್ಕ್ ಬ್ರೇಕಿನ ಹೋಸು ಬೇಕಾದೀತು. ಆ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.

ಹಾಕಿಸಿದ ಮೇಲೆ ಬೈಕನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಿ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎಂಜಿನ್ ಸದ್ದು ಏರಬಾರದು, ಹೋಸು ಬಿಗಿಯಬಾರದು, ಹಿಡಿ ಟ್ಯಾಂಕಿಗೆ ಬೆರಳನ್ನು ಒತ್ತಬಾರದು. ಇಷ್ಟೂ ಸರಿಯಾಗುವವರೆಗೆ ರಸ್ತೆಗೆ ಇಳಿಯಬೇಡಿ. ಹಳೆಯ ಹ್ಯಾಂಡಲ್ಲನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಡಿ. ಬೈಕ್ ಮಾರುವ ದಿನ ಕೊಳ್ಳುವವರು ಅದನ್ನೇ ಕೇಳಿಯಾರು.